ಗುಂಡ್ಯ ದಾಟಿದೆ, ಊಟಕ್ಕೆ ಕಾಯಬೇಡಿ

ನನ್ನ ಮನೆ ಮಂಗಳೂರಿನ ಕುಳಾಯಿಯಲ್ಲಿ. ಪಣಂಬೂರು ಬಂದರಿನ ಗೇಟಿನಿಂದ ಬೈಕಿನಲ್ಲಿ ಹತ್ತು ನಿಮಿಷ. ಇಪ್ಪತ್ತು ವರ್ಷದಿಂದ ಲಾರಿ ಓಡಿಸುತ್ತಿದ್ದೇನೆ. ಹೆಚ್ಚಿನ ಲೋಡೆಲ್ಲ ಈ ಬಂದರಿನಿಂದ, ಇಲ್ಲದಿದ್ದರೆ ಬೈಕಂಪಾಡಿಯ ಗೋಡೌನುಗಳಿಂದ. "ಮನೆ ಹತ್ತಿರವೇ ಕೆಲಸ, ಪುಣ್ಯವಂತ ಮಾರಾಯ" ಅಂತ ನೆಂಟರು ಹೇಳುವುದುಂಟು. ನಾನು ಸುಮ್ನೆ ನಗುತ್ತೇನೆ. ಲೋಡ್ ತುಂಬುವುದು ಇಲ್ಲಿ, ಸರಿ. ಇಳಿಸುವುದು ಎಲ್ಲಿ ಅಂತ ಅವರು ಕೇಳುವುದಿಲ್ಲ.

2018ರ ಆಗಸ್ಟ್ ತಿಂಗಳ ಕಥೆ ಇದು. ನಾವು ಬೆಂಗಳೂರಿಗೆ ಹೋಗಿಬರುವ ದಾರಿ ಶಿರಾಡಿ ಘಾಟಿ. ಕಾಂಕ್ರೀಟ್ ಕೆಲಸಕ್ಕೆ ಅಂತ ಜನವರಿಯಲ್ಲಿ ಮುಚ್ಚಿದ್ದ ಅದನ್ನು ಜುಲೈಯಲ್ಲಷ್ಟೇ ಬಿಟ್ಟಿದ್ದರು. ಸುತ್ತು ಹಾಕಿ ಸಾಕಾಗಿದ್ದ ನಮಗೆಲ್ಲ ದೊಡ್ಡ ಖುಷಿ. ಆ ವರ್ಷ ನಾಗರ ಪಂಚಮಿ 15ಕ್ಕೆ ಬಂದಿತ್ತು. ಬೆಂಗಳೂರಿನಲ್ಲಿ ಸರಕು ಇಳಿಸಿ, ವಾಪಸ್ ಸೋಪಿನ ಪೆಟ್ಟಿಗೆ ತುಂಬಿಸಿಕೊಂಡು ಮನೆಗೆ ಫೋನ್ ಮಾಡಿದೆ. "ಪಂಚಮಿ ಬೆಳಿಗ್ಗೆ ಮನೆಯಲ್ಲಿರುತ್ತೇನೆ. ನಾಗಬನಕ್ಕೆ ಒಟ್ಟಿಗೇ ಹೋಗುವ" ಅಂದೆ. ಮಗಳಿಗೆ ಆಗ ಆರು ವರ್ಷ. ಅವಳಿಗೂ ಬೇರೆಯಾಗಿ ಹೇಳಿದೆ.

ಸಕಲೇಶಪುರ ಮುಟ್ಟಿದಾಗ ಲಾರಿಗಳ ಸಾಲು ನಿಂತಿತ್ತು. ಗುಡ್ಡ ಜರಿದು ಘಾಟಿ ಬಂದ್. ಚಾರ್ಮಾಡಿ ಘಾಟಿಯಲ್ಲಿ ನಮ್ಮಂಥ ದೊಡ್ಡ ಗಾಡಿ ಬಿಡುವುದಿಲ್ಲ. ಎರಡು ದಿನ ಕಳೆಯುವಷ್ಟರಲ್ಲಿ ಮಡಿಕೇರಿ ಕಡೆಯ ರಸ್ತೆಯೂ ಹೋಯಿತು. ಲೋಡ್ ಇರುವ ಗಾಡಿಯನ್ನು ಬಿಟ್ಟು ಬಸ್ಸು ಹತ್ತುವ ಹಾಗಿಲ್ಲ. ಸರಕಿನ ಜೊತೆ ಇರಬೇಕಾದ ಜಿಎಸ್‌ಟಿ ಪರವಾನಗಿ, ಇ-ವೇ ಬಿಲ್ಲು, ಅದರ ಅವಧಿ ಬೇರೆ ಮುಗಿಯುತ್ತಾ ಬಂತು. ಆಗ 100 ಕಿ.ಮೀ.ಗೆ ಒಂದು ದಿನದ ಲೆಕ್ಕ, 2021ರಿಂದ ಅದು 200 ಕಿ.ಮೀ. ಆಗಿದೆ. ಅವಧಿ ಮುಗಿಯುವ 8 ಗಂಟೆ ಮೊದಲಿನಿಂದ ಮುಗಿದ 8 ಗಂಟೆಯ ಒಳಗೆ ಕಾರಣ ಕೊಟ್ಟರೆ ವಿಸ್ತರಿಸಬಹುದು. ಆಫೀಸಿನವರು ಅದನ್ನು ಸರಿ ಮಾಡಿ ಕೊಟ್ಟರು. ಸರಕಿಗೆ ಅಷ್ಟಾದರೂ ಉಂಟು. ಮನೆಯಲ್ಲಿ ಕೊಟ್ಟ ಮಾತಿಗೆ ಅಂಥ ವ್ಯವಸ್ಥೆ ಎಲ್ಲಿಯದು?

ಕೊನೆಗೆ ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ ಅಂತ ಸುತ್ತಿ ಮನೆ ಮುಟ್ಟುವಾಗ ಪಂಚಮಿ ಕಳೆದು ಆರು ದಿನ. ನಾಗನಿಗೆ ತನು, ಅಂದರೆ ಹಾಲು, ಎಳನೀರು ಎರೆದು ಬಂದವರು ಬಾವ. ನನ್ನ ಪಾಲಿನ ಅರಿಶಿನ ಎಲೆಯಲ್ಲಿ ಬೇಯಿಸಿದ ಗಟ್ಟಿ ಕಡುಬನ್ನು ಹೆಂಡತಿ ಎರಡು ದಿನ ಎತ್ತಿಟ್ಟು, ಆಮೇಲೆ ದನಕ್ಕೆ ಹಾಕಿದ್ದಳು. ನಾನು ಬರಲಿಲ್ಲ ಅಂತ ಅವಳು ಜಗಳ ಮಾಡಲಿಲ್ಲ. ಗುಡ್ಡ ಜರಿದದ್ದು ಟೀವಿಯಲ್ಲಿ ಎಲ್ಲರೂ ನೋಡಿದ್ದರಲ್ಲ. ಅವಳಿಗೆ ಬೇಜಾರಾದದ್ದು ಬೇರೆಯೇ ವಿಷಯಕ್ಕೆ. ಸಿಕ್ಕಿಹಾಕಿಕೊಂಡ ಮೇಲೂ ನಾನು ದಿನಾ ಫೋನ್ ಮಾಡಿ "ನಾಳೆ ಬಿಡ್ತಾರಂತೆ, ನಾಳೆ ಬರ್ತೇನೆ" ಅನ್ನುತ್ತಿದ್ದೆ. ಮಗಳು ದಿನಾ ಬೆಳಿಗ್ಗೆ ಎದ್ದು ಮೆಟ್ಟಿಲ ಮೇಲೆ ಕೂರುತ್ತಿದ್ದಳಂತೆ.

"ನೀವು ಬರುವ ಹೊತ್ತು ಹೇಳಬೇಡಿ" ಅಂದಳು ಹೆಂಡತಿ. "ಈಗ ಎಲ್ಲಿದ್ದೀರಿ ಅಂತ ಹೇಳಿ, ಸಾಕು. ಉಳಿದದ್ದು ನಾವು ಲೆಕ್ಕ ಹಾಕ್ತೇವೆ."

ಈ ಕೆಲಸದಲ್ಲಿ ನನಗೆ ಸಿಕ್ಕ ಪಾಠ ಅದೊಂದೇ, ಅದೂ ನನ್ನದಲ್ಲ. ನಮ್ಮ ಹೊತ್ತು ನಮ್ಮ ಕೈಯಲ್ಲಿ ಇಲ್ಲವೇ ಇಲ್ಲ. ಲಾರಿ ತೂಗುವ ವೇಬ್ರಿಜ್ಜಿನ ಹತ್ತಿರ ಎಷ್ಟು ಗಾಡಿ ಉಂಟು, ಇಳಿಸುವ ಹಮಾಲರು ಊಟಕ್ಕೆ ಹೋದರಾ, ವಾಪಸ್ ಲೋಡ್ ಇವತ್ತು ಸಿಗುತ್ತದಾ ನಾಳೆಯಾ, ಘಾಟಿಯ ಮಾರನಹಳ್ಳಿಯಲ್ಲಿ ಯಾವ ಟ್ಯಾಂಕರ್ ಅಡ್ಡ ಬಿದ್ದಿದೆ, ಇದೆಲ್ಲ ಯಾರಿಗೆ ಗೊತ್ತು? ಆದರೂ "ಸಂಜೆ ಬರ್ತೇನೆ" ಅಂತ ಬಾಯಿಗೆ ಬಂದುಬಿಡುತ್ತದೆ. ಆ ಕ್ಷಣಕ್ಕೆ ಅವರಿಗೂ ಖುಷಿ, ನಮಗೂ ಖುಷಿ. ಆಮೇಲೆ ಆ ಮಾತು ಉಳಿಸಿಕೊಳ್ಳಲು ನಿದ್ದೆ ಬಿಟ್ಟು ಗಾಡಿ ಓಡಿಸುತ್ತೇವೆ. ನಾನೂ ಓಡಿಸಿದ್ದೇನೆ. ಒಮ್ಮೆ ನೆಲ್ಯಾಡಿ ಹತ್ತಿರ ಕಣ್ಣು ಮುಚ್ಚಿ ತೆರೆಯುವಾಗ ಎಡಗಡೆಯ ಚಕ್ರ ಮಣ್ಣಿನಲ್ಲಿತ್ತು. ಅದನ್ನು ಮನೆಯಲ್ಲಿ ಹೇಳಿಲ್ಲ.

ಈಗ ಊರಿನ ಹೆಸರು ಮಾತ್ರ. ಗಾಡಿ ನಿಲ್ಲಿಸಿ, ಚಾ ಕುಡಿಯುವಾಗ ಫೋನ್. ಸಕಲೇಶಪುರದಲ್ಲಿ ಒಂದು, ಘಾಟಿ ಇಳಿದು ಗುಂಡ್ಯದಲ್ಲಿ ಒಂದು, ಬಿ.ಸಿ. ರೋಡಿನಲ್ಲಿ ಒಂದು. ಮಗಳು ಶಾಲೆಯ ನಕ್ಷೆಗಿಂತ ಮೊದಲು ಈ ರಸ್ತೆಯನ್ನು ಕಲಿತಳು. "ಉಪ್ಪಿನಂಗಡಿ ದಾಟಿದ್ರಾ? ಹಾಗಾದ್ರೆ ಅನ್ನಕ್ಕೆ ಇಡಬಹುದು" ಅಂತ ಅವಳೇ ಅಮ್ಮನಿಗೆ ಹೇಳುತ್ತಾಳೆ.

ಮೊದಲು ಮುಂಬಯಿ ಲೈನಿನಲ್ಲಿದ್ದೆ. ದುಡ್ಡು ಜಾಸ್ತಿ, ಮನೆ ಕಡಿಮೆ. ಅದರಲ್ಲಿ ಒಂದೇ ಸುಖ ಅಂದರೆ ಕೊಂಕಣ ರೈಲ್ವೆಯ ರೋ-ರೋ. ಸುರತ್ಕಲ್‌ನಲ್ಲಿ ಲಾರಿಯನ್ನೇ ರೈಲಿಗೆ ಹತ್ತಿಸಿದರೆ ಮಹಾರಾಷ್ಟ್ರದ ಕೋಲಾಡ್‌ನಲ್ಲಿ ಇಳಿಸುವವರೆಗೆ ನಾವು ಪ್ರಯಾಣಿಕರು. ಆಗ ಮಾತ್ರ ಮನೆಯವರ ಜೊತೆ ಉದ್ದ ಮಾತಾಡಲು ಆಗುತ್ತಿತ್ತು. ಅದೂ ಸುರಂಗ ಬರುವವರೆಗೆ, ಆ ದಾರಿಯಲ್ಲಿ ಸುರಂಗಕ್ಕೇನು ಬರವೇ? ಆ ಲೈನ್ ಬಿಟ್ಟು ಬೆಂಗಳೂರಿಗೆ ಬಂದಾಗ ತಿಂಗಳಿಗೆ ಆರೇಳು ಸಾವಿರ ಕಡಿಮೆಯಾಯಿತು. ಧಣಿಗಳು ಬೈಯಲಿಲ್ಲ, ಆದರೆ ಹೊಸ ಗಾಡಿಯನ್ನು ಬೇರೆಯವನಿಗೆ ಕೊಟ್ಟರು. ಅದರ ಉರಿ ಸ್ವಲ್ಪ ಈಗಲೂ ಉಂಟು.

ಮನೆಗೆ ಬಂದ ಮೊದಲ ದಿನವನ್ನು ಈಗ ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ನಿದ್ದೆಯ ದಿನ. ಮೊದಲೆಲ್ಲ ಬಂದ ಕೂಡಲೇ ಮದುವೆ, ಕೋಲ, ಬೀಚು ಅಂತ ಹೊರಟು, ಕೂತಲ್ಲೇ ತೂಕಡಿಸಿ ಎಲ್ಲರಿಗೂ ಬೇಜಾರು ಮಾಡುತ್ತಿದ್ದೆ.

ಇನ್ನು ಕಾಯುವ ಹೊತ್ತು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ ಅಂತ ಬರೆದಿದ್ದರು. ಲಾರಿ ಲೈನಿನಲ್ಲಿ ಹಾಗೆ ಗಂಟೆ ನೋಡಿದವರನ್ನು ನಾನು ಕಂಡಿಲ್ಲ. ಕಾದ ಹೊತ್ತಂತೂ ಯಾವ ಲೆಕ್ಕಕ್ಕೂ ಇಲ್ಲ. ಬೈಕಂಪಾಡಿಯಲ್ಲಿ ಒಂದೂವರೆ ದಿನ ಸಾಲಿನಲ್ಲಿ ನಿಂತದ್ದುಂಟು. ಮನೆ ಅಷ್ಟು ಹತ್ತಿರ, ಹೋಗುವ ಹಾಗಿಲ್ಲ. ಗಾಡಿ ಮುಂದೆ ತೆಗೆಯಲು ಯಾವಾಗ ಕರೆಯುತ್ತಾರೋ ಗೊತ್ತಿಲ್ಲ. ಹಸಿವಾದರೂ ಹಠ ಹಿಡಿದು ಅಲ್ಲೇ ಕೂತು, ಮನೆಗೆ ಹೇಳುತ್ತಲೂ ಇರಲಿಲ್ಲ. ಹತ್ತಿರ ಇದ್ದೂ ಬರಲಿಲ್ಲ ಅಂತ ಆಗುತ್ತದಲ್ಲ.

ಜಾಗ ಹೇಳುವ ಅಭ್ಯಾಸ ಶುರುವಾದ ಮೇಲೆ ಅದನ್ನೂ ಹೇಳಲೇಬೇಕಾಯಿತು. "ಬೈಕಂಪಾಡಿ" ಅಂದೆ. ಅರ್ಧ ಗಂಟೆಯಲ್ಲಿ ಸ್ಕೂಟರಿನಲ್ಲಿ ಇಬ್ಬರೂ ಬಂದರು. ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು, ಒಂದು ಬಾಟಲಿ ಮಜ್ಜಿಗೆ. ಮಗಳು ಕ್ಲೀನರ್ ಸೀಟಿನಲ್ಲಿ ಕೂತು, ಕಾಲು ಮಡಚಿ ಮನೆಕೆಲಸ ಬರೆದಳು. ಹೆಂಡತಿ ಕ್ಯಾಬಿನ್ ನೋಡಿ "ಎಂತ ಗಲೀಜು ಇದು" ಅಂತ ನನ್ನ ಬೈರಾಸು ಟವೆಲಿನಿಂದಲೇ ಗಾಜು ಒರೆಸಿದಳು. ಸಾಲು ಆ ದಿನ ಸಂಜೆಯವರೆಗೆ ಅಲುಗಾಡಲಿಲ್ಲ. ಒಳ್ಳೆಯದೇ ಆಯಿತು.