ಅದು ನಿಜವಾದ ಲಾಳವೇ?

ನಾನು ಕುದುರೆ ಲಾಳವನ್ನು ಬರಿಗೈಯಲ್ಲಿ ಬಗ್ಗಿಸುತ್ತೇನೆ ಎಂದು ತಿಳಿದ ಕೂಡಲೇ ಜನ ಒಂದು ಹೆಜ್ಜೆ ಹತ್ತಿರ ಬಂದು ದನಿ ತಗ್ಗಿಸುತ್ತಾರೆ. “ನನಗೊಬ್ಬನಿಗೆ ಹೇಳಿ. ಅದರಲ್ಲಿ ಏನೋ ಇದೆ ಅಲ್ಲವೇ?” ಕೆಲವರು ನೇರವಾಗಿಯೇ ಕೇಳುತ್ತಾರೆ: “ಅದು ನಿಜವಾದ ಲಾಳವೇ?” ಹತ್ತು ವರ್ಷಗಳಲ್ಲಿ ಈ ಪ್ರಶ್ನೆಯನ್ನು ಎಷ್ಟು ಬಾಯಿಗಳಿಂದ ಕೇಳಿದ್ದೇನೋ ಲೆಕ್ಕವಿಲ್ಲ. ನಿಂತ ನಿಲುವಿನಲ್ಲಿ ಅರ್ಧಂಬರ್ಧ ಉತ್ತರ ಕೊಟ್ಟು ಬಂದಿದ್ದೇನೆ. ಇಂದು ಕುಳಿತು ಪೂರ್ತಿಯಾಗಿ ಬರೆಯುತ್ತೇನೆ.

ಮೋಸವಿಲ್ಲ, ಉಪಾಯವಿದೆ. ಆ ಉಪಾಯವನ್ನು ಒಂದೂ ಬಿಡದೆ ಹೇಳಿಕೊಟ್ಟ ಮೇಲೂ ನಿಮ್ಮ ಕೈಯಲ್ಲಿ ಲಾಳ ಬಗ್ಗುವುದಿಲ್ಲ. ಹಾಗೆ ಉಳಿದುಹೋಗುವ ಪಾಲಿಗೇ ನಾನು ಶಕ್ತಿ ಎನ್ನುತ್ತೇನೆ.

ಮೊದಲು ಉಪಾಯ. ಶಾಲೆಯ ಮರದ ಅಡಿಪಟ್ಟಿಯನ್ನು ನೆನಪಿಸಿಕೊಳ್ಳಿ. ಅಗಲವನ್ನು ಮೇಲೆ ಮಾಡಿ ಒತ್ತಿದರೆ ಅದು ಬಾಗುತ್ತದೆ, ಅಂಚನ್ನು ಮೇಲೆ ಮಾಡಿ ಒತ್ತಿದರೆ ಜಗ್ಗುವುದಿಲ್ಲ. ಲಾಳವೂ ಹಾಗೆಯೇ. ನನ್ನ ಮುಂದಿರುವ ಲಾಳದ ಪಟ್ಟಿ 20 ಮಿಲಿಮೀಟರ್ ಅಗಲ, 8 ಮಿಲಿಮೀಟರ್ ದಪ್ಪ ಇದೆ. ನೋಡುವವರೆಲ್ಲ ಅದರ ಎರಡು ಕೊನೆಗಳನ್ನು ಹಿಡಿದು ಬಾಯಿ ಅಗಲಿಸುತ್ತೇನೆ ಎಂದುಕೊಳ್ಳುತ್ತಾರೆ. ಅದು ಅಂಚಿನ ಮೇಲೆ ಒತ್ತಿದಂತೆ. ಕೊನೆಯಿಂದ ನೆತ್ತಿಗೆ, ಅಂದರೆ ಬಿಲ್ಲಿನಂತೆ ಬಾಗಿದ ಮುಂಭಾಗಕ್ಕೆ, 12 ಸೆಂಟಿಮೀಟರ್ ದೂರವಿದೆ. ಸಾಮಾನ್ಯ ಮೆದು ಉಕ್ಕಿಗೆ ನಾನು ಹಾಕಿದ ಲೆಕ್ಕದ ಪ್ರಕಾರ ಹಾಗೆ ಅಗಲಿಸಲು ಒಂದೊಂದು ಕೈಗೂ ಸುಮಾರು 170 ಕಿಲೋ ತೂಕದಷ್ಟು ಬಲ ಬೇಕು. ಅದೇ ಲಾಳದ ಒಂದು ತೋಳನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ತಿರುಚಿದರೆ ಉಕ್ಕು ತನ್ನ ತೆಳ್ಳನೆಯ ಬದಿಯಲ್ಲಿ ಸೋಲಬೇಕಾಗುತ್ತದೆ. ಆಗ 70 ಕಿಲೋ ಸಾಕು. ಕೊನೆಯ ತುದಿಯನ್ನೇ ಹಿಡಿಯಲು ಆಗದ ಕಾರಣ ನಿಜದಲ್ಲಿ ಎರಡೂ ಅಂಕಿಗಳು ಇನ್ನಷ್ಟು ಏರುತ್ತವೆ. ಆದರೆ ಎರಡೂವರೆ ಪಟ್ಟಿನ ವ್ಯತ್ಯಾಸ ಹಾಗೆಯೇ ಇರುತ್ತದೆ. ಇದೇ ಮೊದಲ ಗುಟ್ಟು: ಲಾಳವನ್ನು ಅಗಲಿಸಬಾರದು, ತಿರುಚಬೇಕು.

ಎರಡನೆಯ ಗುಟ್ಟನ್ನು ಹೇಳಿಕೊಟ್ಟವರು ಮೈಸೂರಿನಲ್ಲಿ ಟಾಂಗಾ ಕುದುರೆಗಳಿಗೆ ಲಾಳ ಕಟ್ಟುವ ಹಿರಿಯರೊಬ್ಬರು. ಕಳಚಿ ಹಾಕಿದ ಹಳೆಯ ಲಾಳಗಳನ್ನು ಕೊಳ್ಳಲು ಹೋಗಿದ್ದೆ. ಯಾಕೆ ಬೇಕು ಎಂದು ಕೇಳಿದರು, ಹೇಳಿದೆ. ಅವರು ನಗಲಿಲ್ಲ. ಕುದುರೆಯ ಮುಂಗಾಲನ್ನು ತೊಡೆಗಳ ನಡುವೆ ಹಿಡಿದಿದ್ದವರು ಅದನ್ನು ಕೆಳಗೆ ಬಿಟ್ಟರು, ಇಕ್ಕಳವನ್ನು ಅಡಿಗಲ್ಲಿನ ಮೇಲಿಟ್ಟರು, ರಾಶಿಯಿಂದ ಒಂದು ಲಾಳವನ್ನು ಎತ್ತಿ ನೆತ್ತಿಯ ಮೇಲೆ ಹೆಬ್ಬೆರಳು ಓಡಿಸಿದರು. ಎರಡು ತೋಳುಗಳೂ ದಪ್ಪಗಿದ್ದವು, ನೆತ್ತಿಯ ಬಳಿ ಮಾತ್ರ ಕಬ್ಬಿಣ ಸವೆದು ಇಳಿಜಾರಾಗಿ, ನುಣುಪಾಗಿ ಹೊಳೆಯುತ್ತಿತ್ತು. “ಕುದುರೆ ಹೆಜ್ಜೆ ಎತ್ತುವಾಗ ಕೊನೆಗೆ ನೆಲ ಬಿಡುವುದು ಇದೇ ಜಾಗ. ನೋಡಿ, ನಿಮ್ಮ ಅರ್ಧ ಕೆಲಸವನ್ನು ಕುದುರೆಯೇ ಮಾಡಿ ಕೊಟ್ಟಿದೆ” ಎಂದರು.

ಮನೆಗೆ ಬಂದು ಲೆಕ್ಕ ಹಾಕಿದಾಗ ಅವರ ಮಾತು ಹೆಚ್ಚು ಕಡಿಮೆ ಅಕ್ಷರಶಃ ನಿಜವಾಗಿತ್ತು. ಈ ದಿಕ್ಕಿನಲ್ಲಿ ಪಟ್ಟಿಯ ಪ್ರತಿರೋಧ ದಪ್ಪದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 8 ಮಿಲಿಮೀಟರ್ ಸವೆದು 6ಕ್ಕೆ ಬಂದರೆ ಬೇಕಾದ ಬಲ ಅರ್ಧಕ್ಕೆ ಸಮೀಪಿಸುತ್ತದೆ. ಆದ್ದರಿಂದ ನನ್ನನ್ನು ಪರೀಕ್ಷಿಸಬೇಕೆನ್ನುವವರು ಕೇಳಬೇಕಾದ ಪ್ರಶ್ನೆ “ಅದು ನಿಜವಾದ ಲಾಳವೇ” ಎಂಬುದಲ್ಲ, “ಹೊಸದೋ ಸವೆದದ್ದೋ” ಎಂಬುದು. ಕಲಿಯುವಾಗ ಸವೆದ ಲಾಳ ಹಿಡಿಯುವುದರಲ್ಲಿ ತಪ್ಪಿಲ್ಲ, ನಾನೂ ಹಾಗೆಯೇ ಕಲಿತೆ. ಜನರ ಮುಂದೆ ನಿಂತಾಗ ಮಾತ್ರ ಹೊಸದನ್ನೇ ಹಿಡಿಯುತ್ತೇನೆ, ಮೊದಲು ಅವರ ಕೈಗೇ ಕೊಡುತ್ತೇನೆ.

ಮೋಸ ಮಾಡುವವರೂ ಇದ್ದಾರೆ, ಅದನ್ನು ಮುಚ್ಚಿಡುವುದಿಲ್ಲ. ಪಂದ್ಯದ ಕುದುರೆಗಳಿಗೆ ಹಾಕುವ ಅಲ್ಯೂಮಿನಿಯಮ್ ಲಾಳಕ್ಕೆ ಕಪ್ಪು ಬಣ್ಣ ಬಳಿದರೆ ದೂರದಿಂದ ಕಬ್ಬಿಣದಂತೆಯೇ ಕಾಣುತ್ತದೆ. ನೆತ್ತಿಯ ಒಳಬದಿಯನ್ನು ಅರದಿಂದ ಉಜ್ಜಿ ತೆಳುವಾಗಿಸುವವರೂ ಉಂಟು. ಮೊದಲನೆಯದಕ್ಕೆ ಒಂದು ಅಯಸ್ಕಾಂತ ಸಾಕು, ಎರಡನೆಯದಕ್ಕೆ ಬೆರಳು ಸಾಕು. ಬಾಗಿಲಿಗೆ ಹೊಡೆಯಲೆಂದು ಮಾರುವ ಎರಕದ ಲಾಳವನ್ನು ಮಾತ್ರ ಯಾರೂ ಬಗ್ಗಿಸಲು ಹೋಗಬೇಡಿ. ಅದು ಬಗ್ಗುವ ಜಾತಿಯದಲ್ಲ, ಪಟ್ಟನೆ ಮುರಿದು ಅಂಗೈ ಸೀಳುತ್ತದೆ.

ಈ ಅನುಮಾನ ಹೊಸದೇನಲ್ಲ. 18ನೆಯ ಶತಮಾನದ ಲಂಡನ್ನಿನಲ್ಲಿ ನ್ಯೂಟನ್ನನ ಆಪ್ತನಾಗಿದ್ದ ವಿಜ್ಞಾನಿ ಡೆಸಗುಲಿಯೆ ಎಂಬವನು ಇದೇ ಪ್ರಶ್ನೆಯ ಬೆನ್ನು ಹತ್ತಿದ. ಎಕೆನ್‌ಬರ್ಗ್ ಎಂಬ ಜರ್ಮನ್ ಬಲಶಾಲಿ ಸೊಂಟಕ್ಕೆ ಪಟ್ಟಿ ಬಿಗಿದು, ಕಾಲನ್ನು ಹಲಗೆಗೆ ಊರಿ ಕುಳಿತು, ಹಗ್ಗ ಎಳೆಯುವ ಗಂಡಸರನ್ನೂ ಕುದುರೆಗಳನ್ನೂ ತಡೆದು ನಿಲ್ಲುತ್ತಿದ್ದ. ಡೆಸಗುಲಿಯೆ ಅದನ್ನು ಸೂಕ್ಷ್ಮವಾಗಿ ನೋಡಿ, ಭಾರವೆಲ್ಲ ಸೊಂಟದ ಮೂಳೆಗಳ ಮೇಲೆ ಬೀಳುವಂತೆ ಕುಳಿತರೆ ಸಾಧಾರಣ ಮೈಕಟ್ಟಿನವನೂ ಅದನ್ನು ಮಾಡಬಲ್ಲ ಎಂದು ತೋರಿಸಿದ. ಆದರೆ ಅದೇ ಮನುಷ್ಯ ಥಾಮಸ್ ಟೋಫಮ್ ಎಂಬ ಬಡಗಿಯ ಮುಂದೆ ಬೆರಗಾಗಿ ನಿಂತ. ಟೋಫಮ್‌ಗೆ ಉಪಾಯಗಳೇ ಗೊತ್ತಿರಲಿಲ್ಲ. ತವರದ ತಟ್ಟೆಯನ್ನು ಬೆರಳುಗಳಿಂದ ಸುರುಳಿ ಸುತ್ತುತ್ತಿದ್ದ, ಕಬ್ಬಿಣದ ಸಲಾಕೆಯನ್ನು ತನ್ನ ಬರಿಯ ಮುಂಗೈಗೆ ಬಡಿದು ಬಡಿದು ಬಗ್ಗಿಸುತ್ತಿದ್ದ. ಇನ್ನೊಂದು ಸಲಾಕೆಯನ್ನು ಕತ್ತಿನ ಹಿಂದಿಟ್ಟು ಎರಡೂ ತುದಿಗಳನ್ನು ಎದುರಿಗೆ ಎಳೆದು ಸೇರಿಸಿ, ಮತ್ತೆ ನೆಟ್ಟಗೆ ಮಾಡುತ್ತಿದ್ದ. ಬಗ್ಗಿಸಿದ್ದಕ್ಕಿಂತ ನೆಟ್ಟಗೆ ಮಾಡಿದ್ದೇ ಹೆಚ್ಚು ಎಂದು ಡೆಸಗುಲಿಯೆಗೆ ಅನ್ನಿಸಿತು, ಏಕೆಂದರೆ ತೋಳುಗಳನ್ನು ಹೊರಕ್ಕೆ ತಳ್ಳುವ ಸ್ನಾಯುಗಳು ಒಳಕ್ಕೆ ಎಳೆಯುವವುಗಳಷ್ಟು ಬಲವಾಗಿರುವುದಿಲ್ಲ. ಒಬ್ಬನ ಉಪಾಯವನ್ನು ಬಯಲು ಮಾಡಿದ ಕಣ್ಣೇ ಇನ್ನೊಬ್ಬನ ಶಕ್ತಿಯನ್ನು ಗುರುತಿಸಿತು. ಅನುಮಾನಿಸುವುದಾದರೆ ಹಾಗೆ ಅನುಮಾನಿಸಬೇಕು ಎಂಬುದು ನನ್ನ ಆಸೆ.

ಲಾಳದ ವಿಷಯಕ್ಕೆ ಬಂದರೆ ದೊಡ್ಡ ಹೆಸರು ಸ್ಯಾಕ್ಸನಿಯ ದೊರೆ, ಪೋಲೆಂಡಿನ ರಾಜನೂ ಆಗಿದ್ದ ಆಗಸ್ಟಸ್‌ನದು. ಅವನಿಗೆ ‘ಬಲಶಾಲಿ’ ಎಂಬ ಬಿರುದೇ ಅಂಟಿಕೊಂಡಿತ್ತು. 1711ರ ಫೆಬ್ರವರಿಯಲ್ಲಿ ಅವನು ಕೈಯಿಂದ ಮುರಿದ ಲಾಳ ಡ್ರೆಸ್ಡೆನ್ನಿನ ರಾಜ ಶಸ್ತ್ರಾಗಾರದ ಸಂಗ್ರಹದಲ್ಲಿದೆ. ಅಂದಿನ ಕಬ್ಬಿಣದೊಳಗೆ ಕಿಟ್ಟದ ಎಳೆಗಳು ಉಳಿದಿರುತ್ತಿದ್ದವು, ಅಂಥ ಎಳೆಯ ಗುಂಟ ಅದು ಬಿರಿಯಬಲ್ಲದು. ಇಂದಿನ ಉಕ್ಕು ಮುರಿಯುವುದಿಲ್ಲ, ಬಗ್ಗುತ್ತದೆ. ಇದನ್ನು ಹೇಳಿ ಅವನ ಕೈಬಲವನ್ನು ಕಡಿಮೆ ಮಾಡುತ್ತಿಲ್ಲ, ಬೇರೆ ಲೋಹ, ಬೇರೆ ಪಂದ್ಯ ಅಷ್ಟೆ. ಲಿಯೊನಾರ್ಡೊ ಡ ವಿಂಚಿ ಬಲಗೈಯಲ್ಲಿ ಲಾಳವನ್ನು ಸೀಸದಂತೆ ತಿರುಚುತ್ತಿದ್ದ ಎಂದು ಅವನ ಜೀವನವನ್ನು ಬರೆದ ವಸಾರಿ ಹೇಳುತ್ತಾನೆ. ಒಂದೇ ಕೈಯಲ್ಲಿ ಎಂಬುದನ್ನು ನಾನು ನಂಬುವುದಿಲ್ಲ.

ನನ್ನ ಗೋಡೆಯ ಮೇಲಿರುವ ಚಿತ್ರ ಮಾತ್ರ ರಾಜನದ್ದೂ ಅಲ್ಲ, ಕಲಾವಿದನದ್ದೂ ಅಲ್ಲ. ಅದು ಜೋ ಗ್ರೀನ್‌ಸ್ಟೈನ್‌ನದು. 1893ರಲ್ಲಿ ಪೋಲೆಂಡಿನಲ್ಲಿ ಹುಟ್ಟಿದ ಬಡ ಯಹೂದಿ ಹುಡುಗ. ಬಾಲ್ಯದಲ್ಲಿ ಎದೆಯ ಕಾಯಿಲೆ, ಬದುಕುವುದೇ ಅನುಮಾನ ಎಂಬ ಸ್ಥಿತಿ. ಸರ್ಕಸ್ಸಿನ ಬಲಶಾಲಿಯೊಬ್ಬನ ಜೊತೆ ಸೇರಿ ದೇಹ ಕಟ್ಟಿಕೊಂಡು, ಮುಂದೆ ಅಮೆರಿಕಕ್ಕೆ ಹೋಗಿ ‘ಮೈಟಿ ಆಟಮ್’ ಎಂದು ಹೆಸರಾದ. ಎತ್ತರ 5 ಅಡಿ 4 ಇಂಚು, ತೂಕ ಸುಮಾರು 64 ಕಿಲೋ. ನಮ್ಮ ಬೀದಿಯಲ್ಲಿ ನಡೆದು ಹೋದರೆ ಯಾರೂ ತಿರುಗಿ ನೋಡದಂಥ ಆಳು. ಲಾಳಗಳನ್ನು ತಿರುಚುತ್ತಿದ್ದ, ಮೊಳೆಗಳನ್ನು ಹಲ್ಲಿನಿಂದ ಕಡಿಯುತ್ತಿದ್ದ, 80 ದಾಟಿದ ಮೇಲೂ ಪ್ರದರ್ಶನ ಕೊಟ್ಟ, 1977ರಲ್ಲಿ ತೀರಿಕೊಂಡ. ಅವನ ಕೈಹಿಡಿದು ಕಲಿತವನು ಪೆನ್ಸಿಲ್ವೇನಿಯಾದ ಕಲ್ಲು ಗಣಿಯ ಕೆಲಸಗಾರ ಸ್ಲಿಮ್ ಫಾರ್ಮನ್. ಇಂದು ಅಮೆರಿಕದಲ್ಲಿ ಲಾಳ ಬಗ್ಗಿಸುವ ಅನೇಕರು ತಮ್ಮ ವಿದ್ಯೆಯ ಬೇರನ್ನು ಈ ಇಬ್ಬರಲ್ಲಿ ಕಾಣುತ್ತಾರೆ. ನಾನು ಅವರಾರನ್ನೂ ಭೇಟಿಯಾಗಿಲ್ಲ. ಆದರೂ ಲಾಳಕ್ಕೆ ಚರ್ಮ ಸುತ್ತುವಾಗಲೆಲ್ಲ ಆ ಕುಳ್ಳನೆಯ ಮನುಷ್ಯನನ್ನು ನೆನೆಯುತ್ತೇನೆ.

ನಮ್ಮ ಗರಡಿಮನೆಗಳಲ್ಲಿ ಲಾಳ ಬಗ್ಗಿಸುವ ಪಾಠವಿಲ್ಲ. ಆದರೂ ಗದೆ ತಿರುಗಿಸಿ ಬೆಳೆದ ಮಣಿಕಟ್ಟು ನನಗೆ ದೊಡ್ಡ ಆಸ್ತಿಯಾಯಿತು. ಇಲ್ಲಿ ಸೋಲುವುದು ತೋಳಲ್ಲ, ಬೆನ್ನಲ್ಲ. ಮಣಿಕಟ್ಟು ಮಡಚಿಕೊಂಡರೆ ಹಿಂದಿನ ಬಲವೆಲ್ಲ ವ್ಯರ್ಥ.

ಕಲಿಯುವ ಕ್ರಮ ಕೇಳುವವರಿಗೆ: ಲಾಳದಿಂದ ಶುರು ಮಾಡಬೇಡಿ. ಹಾರ್ಡ್‌ವೇರ್ ಅಂಗಡಿಯ ಆರು ಇಂಚಿನ ಮೊಳೆಯಿಂದ ಶುರು ಮಾಡಿ. ಅದಾದ ಮೇಲೆ 6 ಮಿಲಿಮೀಟರ್ ಸರಳು, ಮುಂದೆ 8. ಕಣ್ಣಿಗೆ ಕೇವಲ 2 ಮಿಲಿಮೀಟರ್ ವ್ಯತ್ಯಾಸ. ಆದರೆ ದುಂಡು ಸರಳಿನ ಪ್ರತಿರೋಧ ವ್ಯಾಸದ ಘನಕ್ಕೆ ತಕ್ಕಂತೆ ಏರುವುದರಿಂದ ಕೈಗೆ ಅದು ಸುಮಾರು 2.4 ಪಟ್ಟು. ಈ ಒಂದು ಮೆಟ್ಟಿಲಿನ ಮೇಲೆ ನಾನು ಒಂದೂವರೆ ವರ್ಷ ನಿಂತಿದ್ದೆ. ಅಮೆರಿಕದ ಐರನ್‌ಮೈಂಡ್ ಸಂಸ್ಥೆಯ ‘ರೆಡ್ ನೇಲ್’ ಎಂಬ ಪರೀಕ್ಷೆಯ ಸರಳು ಕೂಡ 5/16 ಇಂಚು, ಅಂದರೆ 8 ಮಿಲಿಮೀಟರಿಗೆ ಕೂದಲೆಳೆ ಕಡಿಮೆ. ಉದ್ದ 7 ಇಂಚು. ಅದನ್ನು ಬಗ್ಗಿಸಿದವರ ಹೆಸರು ಪಟ್ಟಿಗೆ ಸೇರುತ್ತದೆ ಎಂದರೆ ಆ ಮೆಟ್ಟಿಲು ಎಷ್ಟು ಎತ್ತರ ಎಂದು ಊಹಿಸಿಕೊಳ್ಳಿ.

ವಾರಕ್ಕೆ ಎರಡು ಬಾರಿ ಸಾಕು. ಸ್ನಾಯು ಬೇಗ ಬೆಳೆಯುತ್ತದೆ, ಅದನ್ನು ಮೂಳೆಗೆ ಕಟ್ಟಿಹಾಕುವ ಸ್ನಾಯುರಜ್ಜು ನಿಧಾನ. ನಾನು ಆ ನಿಧಾನಕ್ಕೆ ಮರ್ಯಾದೆ ಕೊಡಲಿಲ್ಲ. ಮೂರನೆಯ ವರ್ಷ ದಿನ ಬಿಟ್ಟು ದಿನ ಬಗ್ಗಿಸಿದೆ. ಬಲ ಮಣಿಕಟ್ಟಿನಲ್ಲಿ ಕಿರುಬೆರಳಿನ ಕಡೆ ನೋವು ಕೂತಿತು. ಏಳು ತಿಂಗಳು ನೀರಿನ ಬಿಂದಿಗೆ ಎತ್ತಲು, ಬಾಗಿಲ ಚಿಲಕ ತಿರುಗಿಸಲು ಕೂಡ ಎಡಗೈಯನ್ನೇ ನಂಬಬೇಕಾಯಿತು. ನಿಮಗೆ ಹಾಗಾಗದಿರಲಿ. ನೋವು ಬಂದ ದಿನ ಕಬ್ಬಿಣ ಕೆಳಗಿಡಿ.

ಇನ್ನು ಬಗ್ಗಿಸುವ ಕ್ಷಣ. ಎರಡೂ ಕೊನೆಗಳಿಗೆ ದಪ್ಪ ಚರ್ಮದ ಪಟ್ಟಿ ಸುತ್ತುತ್ತೇನೆ, ಇಲ್ಲದಿದ್ದರೆ ಅಂಚು ಅಂಗೈಯನ್ನು ಕೊರೆಯುತ್ತದೆ, ನೋವಿಗೆ ಹೆದರಿ ಕೈ ತಾನಾಗಿಯೇ ಸಡಿಲವಾಗುತ್ತದೆ. ಎಡಗೈಯನ್ನು ಎಡತೊಡೆಗೆ ಆನಿಸಿ ಕೆಳಕ್ಕೆ ಒತ್ತುತ್ತೇನೆ, ಬಲಗೈಯನ್ನು ಮೇಲಕ್ಕೆ, ಎದೆಯ ಕಡೆಗೆ ಎಳೆಯುತ್ತೇನೆ. ಮೊದಲ ಮೂರು ನಾಲ್ಕು ಸೆಕೆಂಡು ಏನೂ ಆಗುವುದಿಲ್ಲ. ಉಕ್ಕು ಸ್ಪ್ರಿಂಗಿನಂತೆ ಕೂದಲೆಳೆಯಷ್ಟು ಮಣಿದು ತಿರುಗಿ ತಳ್ಳುತ್ತದೆ. ಕಲಿಯುವವರೆಲ್ಲ ಬಿಟ್ಟುಬಿಡುವುದು ಇಲ್ಲೇ. ಇದು ಆಗುವುದಿಲ್ಲ ಎಂದು ಮನಸ್ಸು ಹೇಳುತ್ತದೆ, ಅದಕ್ಕೆ ಸಾಕ್ಷಿಯಾಗಿ ಕೈಯಲ್ಲಿ ಅಲುಗಾಡದ ಕಬ್ಬಿಣವಿರುತ್ತದೆ. ಇಲ್ಲಿ ಇನ್ನಷ್ಟು ಜೋರಾಗಿ ಜಗ್ಗಿದರೆ ಮಣಿಕಟ್ಟು ಹೋಗುತ್ತದೆ. ಬಲವನ್ನು ಇದ್ದಲ್ಲೇ ಇಟ್ಟು, ಉಸಿರನ್ನು ಸ್ವಲ್ಪ ಸ್ವಲ್ಪವಾಗಿ ಬಿಡುತ್ತ ಕಾಯಬೇಕು. ಆಮೇಲೆ ಒಂದು ಇಳಿತ ಬರುತ್ತದೆ, ಹಸಿ ಮರದ ಕೊಂಬೆ ಜಗ್ಗಿದಂತೆ ಸದ್ದಿಲ್ಲದ ಇಳಿತ. ಅದು ಕಣ್ಣಿಗೆ ಕಾಣುವ ಮೊದಲು ಅಂಗೈಗೆ ತಿಳಿಯುತ್ತದೆ. ಹಾಗೆಂದು ಮುಂದಿನದು ಸುಲಭವಲ್ಲ. ಬಗ್ಗಿದ ಉಕ್ಕು ಬಗ್ಗಿದ ಜಾಗದಲ್ಲೇ ಇನ್ನಷ್ಟು ಗಟ್ಟಿಯಾಗುತ್ತದೆ, ಆದ್ದರಿಂದ ನಡುವೆ ನಿಂತು ಸುಧಾರಿಸಿಕೊಂಡರೆ ಮೊದಲಿಗಿಂತ ಹಟಮಾರಿ ಲಾಳ ಕೈಯಲ್ಲಿರುತ್ತದೆ. ಒಂದು ತೋಳು ಪೂರ್ತಿ ಹೊರಳಿ ಎಸ್ ಅಕ್ಷರದ ಆಕಾರ ಬರುವವರೆಗೆ ಬಿಡುವಿಲ್ಲ.

ಕಳೆದ ಡಿಸೆಂಬರಿನಲ್ಲಿ ಹಳ್ಳಿಯ ಶಾಲೆಯೊಂದಕ್ಕೆ ಹೋಗಿದ್ದೆ. ಏಳನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ಅದೇ ಪ್ರಶ್ನೆ ಕೇಳಿದಳು: ಅದು ನಿಜವಾದ ಲಾಳವೇ? ಅವಳನ್ನು ಮುಂದೆ ಕರೆದು ಹೊಸ ಲಾಳ ಕೈಗಿತ್ತೆ. ತಿರುಗಿಸಿ ನೋಡಿದಳು, ನೆಲಕ್ಕೆ ಕುಟ್ಟಿದಳು, ಹಲ್ಲು ಕಚ್ಚಿ ಜಗ್ಗಿದಳು, ವಾಪಸು ಕೊಟ್ಟಳು. ಬಗ್ಗಿಸಿ ಮತ್ತೆ ಅವಳ ಕೈಗೇ ಇಟ್ಟೆ. ಅವಳ ಹೆಬ್ಬೆರಳು ನೇರವಾಗಿ ಹೊರಳಿದ ನೆತ್ತಿಯ ಮೇಲೆ ಹೋಯಿತು, ಅಲ್ಲೇ ನಿಂತಿತು. “ಬೆಚ್ಚಗಿದೆ” ಎಂದಳು. ಹೌದು, ತಿರುಚಲು ಹಾಕಿದ ಶ್ರಮದ ಬಹುಪಾಲು ಶಾಖವಾಗಿ ಆ ಒಂದು ಜಾಗದಲ್ಲಿ ಸ್ವಲ್ಪ ಹೊತ್ತು ಉಳಿದಿರುತ್ತದೆ. ಲಾಳ ಒಂದು ಕೈಯಿಂದ ಇನ್ನೊಂದಕ್ಕೆ ದಾಟುತ್ತ ಬೆಂಚುಗಳ ಸಾಲು ಹಿಡಿದು ಹೋಯಿತು, ಪ್ರತಿಯೊಬ್ಬರೂ ಅದೇ ಜಾಗ ಮುಟ್ಟಿ ನೋಡಿದರು. ಕೊನೆಯ ಬೆಂಚಿನ ಹುಡುಗನ ಕೈಗೆ ಸಿಗುವಷ್ಟರಲ್ಲಿ ಆ ಜಾಗವೂ ಉಳಿದ ಲಾಳದಂತೆಯೇ ಆಗಿತ್ತು. ಅವನು ಎದ್ದು ನಿಂತು, ನನಗೂ ಬೆಚ್ಚಗಿರುವುದು ಬೇಕು, ಇನ್ನೊಂದು ಬಗ್ಗಿಸಿ ಎಂದ.

ಚೀಲದಲ್ಲಿ ಇನ್ನೊಂದು ಹೊಸ ಲಾಳವಿತ್ತು. ಚರ್ಮದ ಪಟ್ಟಿಯನ್ನು ಮತ್ತೆ ಸುತ್ತಿಕೊಂಡೆ.