ಅಡಿಕೆ ತೋಟದ ಮೇಲೆ ಹಾದ ಲಿಂಕ್: ಹ್ಯಾಮ್ ಮೆಶ್, ಮಳೆಗಾಲದ ಟಿಪ್ಪಣಿ

ಜುಲೈ

ನಮ್ಮ ಹ್ಯಾಮ್ ಮೆಶ್‌ನ, ಅಂದರೆ ಹವ್ಯಾಸಿ ರೇಡಿಯೊದವರು ತಾವೇ ಕಟ್ಟಿಕೊಳ್ಳುವ ಡೇಟಾ ಜಾಲದ, ಮೂರೂ ನೋಡ್‌ಗಳು (ರೇಡಿಯೊ ಕೂತ ಜಾಗಗಳು) ಚಾಲೂ ಇವೆ: ನಮ್ಮನೆ, ಎದುರು ಗುಡ್ಡದ ಗೆಳೆಯರ ಮನೆ, ಪಕ್ಕದೂರಿನ ಪಂಪ್‌ಹೌಸ್. ಎಲ್ಲದರಲ್ಲೂ 5.8 ಗಿಗಾಹರ್ಟ್ಸ್ ರೇಡಿಯೊ, ಹ್ಯಾಮ್ ಮೆಶ್‌ಗೆಂದೇ ಇರುವ ಎಆರ್‌ಇಡಿಎನ್ ಫರ್ಮ್‌ವೇರ್ (ರೇಡಿಯೊ ಒಳಗಿನ ತಂತ್ರಾಂಶ). ಮಳೆ ಹಿಡಿದ ಮೇಲೆ ಗುಡ್ಡದ ಕಡೆಯ 6 ಕಿ.ಮೀ. ಲಿಂಕ್ ಮಾತ್ರ ಒಂದೇ ಸಮ ನಿಲ್ಲುತ್ತಿಲ್ಲ.

ಈ ಆವರ್ತನದಲ್ಲಿ, ಇಷ್ಟು ದೂರಕ್ಕೆ ಮಳೆಹನಿಯ ಕಾಟ ತೀರಾ ಕಡಿಮೆ. ಕಾಟ ಕೊಡುವುದು ನೆನೆದ ಅಡಿಕೆ ಸೋಗೆ. ಮಹಡಿ ಮೇಲೆ ನಿಂತರೆ ಗುಡ್ಡದ ಮನೆಯ ದೀಪ ಕಾಣುತ್ತದೆ ನಿಜ, ಆದರೆ ರೇಡಿಯೊಗೆ ಅಷ್ಟು ಸಾಲದು. ತೋಟ ಇರುವುದು ನಮ್ಮಿಂದ 1 ಕಿ.ಮೀ. ಆಚೆ. ಅಲ್ಲಿ ಫ್ರೆನೆಲ್ ವಲಯದ, ಅಂದರೆ ನೇರ ಗೆರೆಯ ಸುತ್ತ ರೇಡಿಯೊ ಅಲೆ ಹರಡಿಕೊಂಡು ಸಾಗುವ ಜಾಗದ, ತ್ರಿಜ್ಯ ಸುಮಾರು 6.5 ಮೀಟರ್. ಅದರಲ್ಲಿ ಶೇ 60, ಅಂದರೆ ಹತ್ತಿರ ಹತ್ತಿರ 4 ಮೀಟರ್ ಆದರೂ ಖಾಲಿ ಬೇಕು. ಗಾಳಿಗೆ ಸೋಗೆ ಅಡ್ಡ ಬಂದಾಗ ಲಿಂಕ್ ಕ್ವಾಲಿಟಿ (ಕಳಿಸಿದ ನೂರು ಪ್ಯಾಕೆಟ್‌ನಲ್ಲಿ ಎಷ್ಟು ತಲುಪುತ್ತವೆ ಎಂಬ ಲೆಕ್ಕ) ಶೇ 90ರಿಂದ 40ಕ್ಕೆ ಇಳಿಯುತ್ತದೆ, ಸರಿದಾಗ ಏರುತ್ತದೆ.

ಮೆಶ್ ಕಂಗೆಡುವುದು ಈ ಏರಿಳಿತಕ್ಕೇ. ನಮ್ಮ ಫರ್ಮ್‌ವೇರ್‌ನಲ್ಲಿ ದಾರಿ ಆರಿಸುವ ಒಎಲ್‌ಎಸ್‌ಆರ್ ಎಂಬ ಪ್ರೋಗ್ರಾಂ ಎರಡೂ ದಿಕ್ಕಿನ ಕ್ವಾಲಿಟಿ ಗುಣಿಸಿ, ಒಂದನ್ನು ಅದರಿಂದ ಭಾಗಿಸಿ ವೆಚ್ಚ ಕಟ್ಟುತ್ತದೆ; ವೆಚ್ಚ ಕಡಿಮೆ ಇರುವ ದಾರಿ ಹಿಡಿಯುತ್ತದೆ. ಎರಡೂ ಕಡೆ ಶೇ 90 ಇದ್ದರೆ ನೇರ ದಾರಿಯ ವೆಚ್ಚ 1.23. ಒಂದು ಕಡೆ 40ಕ್ಕೆ ಇಳಿದರೆ 2.78. ಪಂಪ್‌ಹೌಸ್ ಮೂಲಕ ಸುತ್ತಿ ಹೋದರೆ, ಎರಡೂ ಹಾಪ್ (ನೋಡ್‌ನಿಂದ ನೋಡ್‌ಗೆ ಜಿಗಿತ) ಶೇ 95ರಲ್ಲಿದ್ದಾಗ, 2.2. ಹಾಗಾಗಿ ಗಾಳಿ ಬೀಸಿದಾಗಲೆಲ್ಲ ದಾರಿ ಅತ್ತಿತ್ತ ಬದಲಾಗುತ್ತದೆ. ಮೆಸೇಜ್ ತಡವಾದರೂ ತಲುಪುತ್ತದೆ, ಫೋನಿನ ಮಾತು ಮಾತ್ರ ತುಂಡಾಗುತ್ತದೆ. 2018ರಲ್ಲಿ ಕೊಡಗಿನಲ್ಲಿ ಆದಂತೆ ಗುಡ್ಡ ಕುಸಿದು ಊರುಗಳ ಸಂಪರ್ಕವೇ ಕಡಿದಾಗ ಬಳಕೆಗೆ ಬರಲಿ ಅಂತ ಕಟ್ಟುತ್ತಿರುವ ಜಾಲ ಇದು. ವೇಗ ಕಡಿಮೆಯಾದರೂ ಅಲುಗದ ಲಿಂಕೇ ನನಗೆ ಬೇಕು.

ಆಗಸ್ಟ್

ಚಾನೆಲ್ ಅಗಲವನ್ನು 20ರಿಂದ 5 ಮೆಗಾಹರ್ಟ್ಸ್‌ಗೆ ಇಳಿಸಿದೆವು. ರಿಸೀವರ್‌ಗೆ ಬರುವ ನಾಯ್ಸ್ 6 ಡಿಬಿ, ಅಂದರೆ ಕಾಲು ಭಾಗಕ್ಕೆ, ತಗ್ಗುತ್ತದೆ, ಹಾಗಾಗಿ ಕ್ಷೀಣ ಸಿಗ್ನಲ್ಲೂ ಕೇಳುತ್ತದೆ; ಆದರೆ ಡೇಟಾ ವೇಗ ಸುಮಾರು ಕಾಲು ಭಾಗಕ್ಕೆ ಬೀಳುತ್ತದೆ. ಬೀಳಲಿ. ಒಂದು ಫೋನ್ ಕರೆಗೆ ಒಂದು ದಿಕ್ಕಿನಲ್ಲಿ 100 ಕೆಬಿಪಿಎಸ್ ಸಾಕು. ಈಗ ಜೋರು ಗಾಳಿಯಲ್ಲೂ ಕ್ವಾಲಿಟಿ 70ರ ಕೆಳಗೆ ಹೋಗಿದ್ದು ಕಂಡಿಲ್ಲ, ದಾರಿಯೂ ಬದಲಾಗುತ್ತಿಲ್ಲ. ನಿನ್ನೆ ರಾತ್ರಿ ಗೆಳೆಯರ ಜೊತೆ ಮೆಶ್ ಫೋನಿನಲ್ಲಿ ಮನಸಾರೆ ಮಾತಾಡಿದೆ, ಒಂದಕ್ಷರ ತಪ್ಪಲಿಲ್ಲ. ಎಷ್ಟು ಖುಷಿಯಾಯಿತು!

ಇನ್ನು ಜಿಐ ಪೈಪ್ ಕಂಬವನ್ನು 3 ಮೀಟರ್ ಎತ್ತರಿಸಬೇಕು. ತೋಟ ನಮ್ಮ ಕಡೆಗೇ ಇರುವುದರಿಂದ ಅಲ್ಲಿ ಲಿಂಕ್‌ನ ಗೆರೆ 2.5 ಮೀಟರ್ ಮೇಲೇರುತ್ತದೆ. ಡಿಶ್ ಆಂಟೆನಾದ ಬೀಮ್ ತೀರಾ ಕಿರಿದು, ಕಂಬ ಓಲಾಡಿದರೆ ಗುರಿಯೇ ತಪ್ಪುತ್ತದೆ. ಹಾಗಾಗಿ ಗೈ ವೈರ್ (ಕಂಬವನ್ನು ಎಳೆದು ಕಟ್ಟುವ ತಂತಿ) ಮೂರೂ ಕಡೆ ಬಿಗಿಯಾಗಬೇಕು. ಪಂಪ್‌ಹೌಸ್ ನೋಡ್‌ಗೆ ಬ್ಯಾಟರಿ ಅದಾದ ಮೇಲೆ.