ಐದು ಲೀಟರಿನ ವಾರ

2022ರ ಜುಲೈ 30, ಶನಿವಾರ. ಕೊಲಂಬೊದಿಂದ ಹೊರಡುವ ಹೈಲೆವೆಲ್ ರಸ್ತೆಯಲ್ಲಿ, ನುಗೇಗೊಡ ದಾಟಿದ ಮೇಲಿನ ಒಂದು ಪೆಟ್ರೋಲ್ ಶೆಡ್. ಅಲ್ಲಿ ಬಂಕ್ ಎಂದರೆ ಮುಖ ನೋಡುತ್ತಾರೆ, ಶೆಡ್ ಎಂದೇ ಕೇಳಬೇಕು. ಬೆಳಗಿನ ಐದಕ್ಕೇ ತ್ರೀವೀಲರುಗಳ, ಅಂದರೆ ಆಟೋಗಳ, ಸಾಲು ರಸ್ತೆಯ ಎಡಬದಿಗೆ ಒಂದು ಕಿಲೋಮೀಟರ್ ಮೀರಿ ಬೆಳೆದಿತ್ತು. ಸಿಂಹಳದಲ್ಲಿ ಸಾಲಿಗೆ ಪೋಲಿಮ ಎನ್ನುತ್ತಾರೆ. ಡಾಲರ್ ಬರಿದಾಗಿ ಲಂಕೆ ದಿವಾಳಿಯಾದ ಆ ವರ್ಷ ಪೆಟ್ರೋಲಿಗೊಂದು, ಗ್ಯಾಸಿಗೊಂದು, ಸೀಮೆಎಣ್ಣೆಗೊಂದು, ಕೊನೆಗೆ ದೇಶ ಬಿಡಲು ಪಾಸ್‌ಪೋರ್ಟಿಗೂ ಒಂದು ಪೋಲಿಮ ಇತ್ತು.

ಶನಿವಾರ, ನಂಬರ್ ಪ್ಲೇಟಿನ ಕೊನೆಯ ಅಂಕಿ 0, 1, 2 ಇರುವವರ ದಿನ. ಅವರಿಗೆ ಮಂಗಳವಾರವೂ ಇದೆ. 3, 4, 5ಕ್ಕೆ ಗುರುವಾರ ಮತ್ತು ಭಾನುವಾರ, ಉಳಿದ ಅಂಕಿಗಳಿಗೆ ಸೋಮ, ಬುಧ, ಶುಕ್ರ. ಅದರ ಮೇಲೆ ಹೊಸದಾಗಿ ಬಂದದ್ದು ಕ್ಯೂಆರ್ ಪಾಸು. ಆಗಸ್ಟ್ 1ರಿಂದ ಅಂಕಿಯ ಲೆಕ್ಕ, ಟೋಕನ್ ಎಲ್ಲ ರದ್ದಾಗಿ ಪಾಸೊಂದೇ ನಡೆಯುತ್ತದೆ ಎಂದು ಇಂಧನ ಸಚಿವ ಕಾಂಚನ ವಿಜೇಶೇಖರ ಹೇಳಿದ್ದರು. ಹಾಗಾಗಿ ಆ ಶನಿವಾರ ಎರಡೂ ಪದ್ಧತಿ ಒಂದರ ಮೇಲೊಂದು ಕೂತಿದ್ದವು. ಅಂಕಿ ಸರಿಯಿದ್ದು ಪಾಸಿಲ್ಲದವರು, ಪಾಸಿದ್ದು ಅಂಕಿ ತಪ್ಪಿದವರು, ಇಬ್ಬರಿಗೂ ಗೇಟಿನಲ್ಲಿ ಜಗಳ.

ಪಾಸು ಮಾಡಿಸುವುದು ಕೇಳಲು ಸುಲಭ. ಗುರುತಿನ ಚೀಟಿಯ ಸಂಖ್ಯೆ, ಗಾಡಿಯ ನಂಬರ್, ಚಾಸಿ ನಂಬರ್ ತುಂಬಬೇಕು; ಮೊಬೈಲಿಗೆ ಬಂದ ಒಟಿಪಿ ಹಾಕಿದರೆ ಕ್ಯೂಆರ್ ಚಿತ್ರ ಸಿಗುತ್ತದೆ. ಒಂದು ಗುರುತಿನ ಚೀಟಿಗೆ ಒಂದೇ ಗಾಡಿ. ತೊಡಕು ಬರುವುದು ಚಾಸಿ ನಂಬರಿನಲ್ಲಿ. ಲಂಕೆಯಲ್ಲಿ ಹಳೆ ಗಾಡಿಗಳು ಕೈಬದಲಾಗುವಾಗ ವರ್ಗಾವಣೆಯ ಶುಲ್ಕ ಉಳಿಸಲು ಸಹಿ ಹಾಕಿದ ಖಾಲಿ ಫಾರಂ ಕೊಟ್ಟು ಮುಗಿಸುವ ರೂಢಿ ಇದೆ. ಗಾಡಿಯ ನೋಂದಣಿ ಪುಸ್ತಕದಲ್ಲಿ ಮೂರು ಮಾಲೀಕರ ಹಿಂದಿನವನ ಹೆಸರು, ಮಾಸಿದ ಸಂಖ್ಯೆ. ಒಂದು ಅಕ್ಷರ ತಪ್ಪಿದರೂ ಅರ್ಜಿ ಮುಂದೆ ಹೋಗದು. ಎರಡು ಗಾಡಿ ಇರುವ ಮನೆಯವರು ಅಜ್ಜಿಯ ಗುರುತಿನ ಚೀಟಿಯನ್ನೂ ಹೊರಗೆ ತೆಗೆದರು.

ಇಷ್ಟಾದ ಮೇಲೆ ವಾರಕ್ಕೆ ಸಿಗುವುದು ಬೈಕಿಗೆ 4 ಲೀಟರ್, ತ್ರೀವೀಲರಿಗೆ 5, ಕಾರಿಗೆ 20, ಬಸ್ಸಿಗೆ 40, ಲಾರಿಗೆ 50. ಉಳಿದದ್ದು ಮುಂದಿನ ವಾರಕ್ಕೆ ಸೇರದು. ಈ ಪಟ್ಟಿಯನ್ನು ನಿಧಾನವಾಗಿ ಓದಬೇಕು. ವಾರಕ್ಕೆರಡು ಸಲ ಆಫೀಸಿಗೆ ಹೋಗುವವನ ಕಾರಿಗೆ 20, ಗಾಲಿ ತಿರುಗಿದರಷ್ಟೇ ಮನೆಯಲ್ಲಿ ಒಲೆ ಹೊತ್ತುವ ತ್ರೀವೀಲರಿಗೆ 5. ಕಂಪ್ಯೂಟರಿಗೆ ಗಾಡಿಯ ಜಾತಿ ಗೊತ್ತು, ಅದನ್ನು ಓಡಿಸುವವನ ಕಸುಬು ಗೊತ್ತಿಲ್ಲ.

ಬೌಸರ್, ಅಂದರೆ ಪೆಟ್ರೋಲ್ ಟ್ಯಾಂಕರ್, ಬಂದದ್ದು ಒಂಬತ್ತೂಕಾಲಿಗೆ, ಕೊಲೊನ್ನಾವದ ಡಿಪೋದಿಂದ. ಸಾಲಿನವರು ಮೊದಲು ಕೇಳುವ ಪ್ರಶ್ನೆ, ಎಷ್ಟು ತಂದಿದೆ? 6,600 ಲೀಟರ್. ಬಂದ ಕೂಡಲೇ ಪಂಪು ಶುರುವಾಗುವುದಿಲ್ಲ. ಬೌಸರಿನ ಸೀಲು ನೋಡಬೇಕು, ನೆಲದೊಳಗಿನ ಟ್ಯಾಂಕಿಗೆ ಅಳತೆಕೋಲು ಇಳಿಸಬೇಕು, ಕೋಲಿನ ತುದಿಗೆ ಲೇಪ ಹಚ್ಚಿ ತಳದಲ್ಲಿ ನೀರಿದೆಯೇ ಎಂದು ಪರೀಕ್ಷಿಸಬೇಕು, ಇಳಿಸಿದ ಮೇಲೆ ಎಣ್ಣೆ ಕೂರಲು ಬಿಡಬೇಕು. ಮೊದಲ ನಳಿಕೆ ಎತ್ತುವಾಗ ಹತ್ತೂವರೆ. ಒಬ್ಬೊಬ್ಬರಿಗೆ 5 ಲೀಟರಿನಂತೆ 6,600 ಲೀಟರ್ 1,320 ತ್ರೀವೀಲರಿಗೆ ಸಾಕು. ಆದರೆ ಬದಿಯಲ್ಲಿ ಕಾರಿನ ಸಾಲೂ ಇದೆ, ಒಂದು ಕಾರೆಂದರೆ ನಾಲ್ಕು ತ್ರೀವೀಲರ್. ಪಾಸಿನ ಮೇಲಿನ 5 ಲೀಟರ್ ಗರಿಷ್ಠ ಮಿತಿಯೇ ಹೊರತು ಕೊಟ್ಟೇ ಕೊಡುವ ಭರವಸೆಯಲ್ಲ ಎಂಬುದು ಟ್ಯಾಂಕು ಖಾಲಿಯಾದಾಗ ಗೊತ್ತಾಗುತ್ತದೆ.

ಪಂಪಿನ ಹುಡುಗ ಫೋನಿನಿಂದ ಕ್ಯೂಆರ್ ಸ್ಕ್ಯಾನ್ ಮಾಡಿ, ತೆರೆಯಲ್ಲಿ ಬಂದ ನಂಬರನ್ನು ಪ್ಲೇಟಿನ ಜೊತೆ ತಾಳೆ ನೋಡಿ, ಲೀಟರ್ ಹಾಕಿ, ಹಾಕಿದ್ದನ್ನು ಒತ್ತಿ ನಮೂದಿಸುತ್ತಾನೆ. ಮಾಲೀಕನ ಮೊಬೈಲಿಗೆ ಉಳಿಕೆಯ ಎಸ್ಸೆಮ್ಮೆಸ್. ಎಲ್ಲ ಸರಿಯಿದ್ದರೆ ಅರ್ಧ ನಿಮಿಷದ ಕೆಲಸ. ಎಲ್ಲ ಎಲ್ಲಿ ಸರಿಯಿರುತ್ತದೆ? ಒಬ್ಬನ ಫೋನಿನ ಗಾಜು ಒಡೆದು ಚಿತ್ರ ಓದಿಸಿಕೊಳ್ಳದು. ಇನ್ನೊಬ್ಬ ಕಾಗದಕ್ಕೆ ಲ್ಯಾಮಿನೇಷನ್ ಮಾಡಿಸಿ ತಂದಿದ್ದಾನೆ, ಅದು ಬಿಸಿಲಿಗೆ ಕನ್ನಡಿಯಂತೆ ಹೊಳೆಯುತ್ತದೆ. ನಡುವೆ ಸಿಗ್ನಲ್ ಕೈಕೊಡುತ್ತದೆ. ಕರೆಂಟು ಹೋದರೆ ಜನರೇಟರ್, ಜನರೇಟರಿಗೆ ಮತ್ತೆ ಡೀಸೆಲ್.

ಇಷ್ಟೆಲ್ಲ ಗೋಳಿದ್ದರೂ ಪಾಸು ಒಳ್ಳೆಯ ಕೆಲಸ ಮಾಡಿತು ಎಂದೇ ಹೇಳಬೇಕು. ಅದಕ್ಕೆ ಮೊದಲು ಏಪ್ರಿಲ್‌ನಲ್ಲಿ ಇದ್ದದ್ದು ರೂಪಾಯಿಯ ಮಿತಿ: ಬೈಕಿಗೆ 1,000, ತ್ರೀವೀಲರಿಗೆ 1,500, ಕಾರಿಗೆ 5,000. ಯಾರು ಎಲ್ಲಿ ಎಷ್ಟು ಹಾಕಿಸಿದರು ಎಂಬ ಲೆಕ್ಕ ಯಾರ ಬಳಿಯೂ ಇರಲಿಲ್ಲ. ಒಂದು ಶೆಡ್‌ನಲ್ಲಿ ಹಾಕಿಸಿ, ಮನೆಯಲ್ಲಿ ಪೈಪಿಟ್ಟು ಬಾಯಲ್ಲಿ ಎಳೆದು ಕ್ಯಾನಿಗೆ ಇಳಿಸಿ, ಮತ್ತೊಂದು ಸಾಲಿಗೆ ಸೇರುತ್ತಿದ್ದರು. ನಾಳೆ ಸಿಗುತ್ತದೋ ಇಲ್ಲವೋ ಎಂಬ ಭಯಕ್ಕೆ ದೇಶದ ಟ್ಯಾಂಕುಗಳೆಲ್ಲ ಗೋದಾಮಾಗಿದ್ದವು. ಐದು ಲೀಟರಾದರೂ ನನ್ನ ಹೆಸರಿನಲ್ಲಿದೆ ಎಂಬ ಧೈರ್ಯ ಬಂದ ಮೇಲೆ, ಕೆಲವೇ ವಾರಗಳಲ್ಲಿ ದಿನಗಟ್ಟಲೆಯ ಸಾಲು ಗಂಟೆಗಳಿಗೆ ಇಳಿಯಿತು.

ಪೆಟ್ರೋಲಿನ ಬೆಲೆ ಅಂದು ಲೀಟರಿಗೆ 450 ರೂಪಾಯಿ. ವರ್ಷದ ಆರಂಭದಲ್ಲಿ 177 ಇತ್ತು. ಒಂದು ಭಾರತೀಯ ರೂಪಾಯಿಗೆ ಆಗ ಸುಮಾರು ನಾಲ್ಕೂವರೆ ಲಂಕಾ ರೂಪಾಯಿ. ಹಾಗೆ ನೋಡಿದರೆ ಅದು ನೂರು ರೂಪಾಯಿಯ ಆಸುಪಾಸು, ಅಂದಿನ ಬೆಂಗಳೂರಿನ ದರಕ್ಕೆ ಹೆಚ್ಚುಕಡಿಮೆ ಸಮ. ಬೆಂಗಳೂರಿನಲ್ಲಿ ಐದು ನಿಮಿಷ, ಇಲ್ಲಿ ಬೆಳಗಿನಿಂದ ಸಂಜೆ. ಕೊರತೆಯಿದ್ದದ್ದು ಡಾಲರಿನದು. 2022ರ ಮಾರ್ಚ್‌ವರೆಗೆ ಡಾಲರಿನ ದರವನ್ನು 203ರ ಸುತ್ತ ಬಿಗಿಹಿಡಿದಿದ್ದರು. ಕೊಲ್ಲಿಯಲ್ಲಿ ದುಡಿಯುವ ಮಗ ಬ್ಯಾಂಕಿನ ಮೂಲಕ ಕಳಿಸಿದರೆ ಆ ದರ, ಉಂಡಿಯಲ್, ಅಂದರೆ ಹವಾಲಾ, ದಲ್ಲಾಳಿಯ ಮೂಲಕವಾದರೆ 30–40 ರೂಪಾಯಿ ಹೆಚ್ಚು. ಯಾವ ತಾಯಿ ಬ್ಯಾಂಕಿಗೆ ಕಳಿಸು ಎಂದಾಳು? 2020ರಲ್ಲಿ 710 ಕೋಟಿ ಡಾಲರ್ ಇದ್ದ ಹೊರದುಡಿಮೆಯ ಹಣ 2021ರಲ್ಲಿ 550 ಕೋಟಿಗೆ, 2022ರಲ್ಲಿ 380 ಕೋಟಿಗೆ ಕುಸಿಯಿತು. ಮಾರ್ಚ್‌ನಲ್ಲಿ ಹಗ್ಗ ಬಿಟ್ಟಾಗ ರೂಪಾಯಿ ಎರಡು ತಿಂಗಳಲ್ಲಿ 360ರ ಹತ್ತಿರ ಬಂತು. ಏಪ್ರಿಲ್ 12ರಂದು ವಿದೇಶಿ ಸಾಲದ ಕಂತು ಕಟ್ಟುವುದಿಲ್ಲವೆಂದು ಸರಕಾರವೇ ಘೋಷಿಸಿದ ಮೇಲೆ, ಆಮದಿನ ಹಣ ಕೊಡುತ್ತೇವೆಂದು ಲಂಕೆಯ ಬ್ಯಾಂಕ್ ಬರೆದುಕೊಡುವ ಸಾಲಪತ್ರಕ್ಕೆ (ಎಲ್‌ಸಿ) ಹೊರಗೆ ಬೆಲೆಯೇ ಇರಲಿಲ್ಲ. ಹಡಗು ಕೊಲಂಬೊದ ಎದುರು ಲಂಗರು ಹಾಕಿ ನಿಂತರೂ ದುಡ್ಡು ಕಾಣದೆ ಎಣ್ಣೆ ಇಳಿಸುತ್ತಿರಲಿಲ್ಲ. ಭಾರತ ಫೆಬ್ರವರಿಯಲ್ಲಿ ಇಂಧನಕ್ಕೆಂದೇ ಕೊಟ್ಟ 50 ಕೋಟಿ ಡಾಲರ್ ಸಾಲ ಕೆಲವು ತಿಂಗಳು ಉಸಿರು ಉಳಿಸಿತು. ಅದು ಮುಗಿಯುವ ಹೊತ್ತಿಗೆ, ಜೂನ್ 27ರಿಂದ ಎರಡು ವಾರ, ಅಗತ್ಯ ಸೇವೆ ಬಿಟ್ಟು ಬೇರೆಯವರಿಗೆ ಮಾರಾಟವನ್ನೇ ನಿಲ್ಲಿಸಿದರು. ಜುಲೈ 9ರಂದು ಜನ ಅಧ್ಯಕ್ಷರ ಮನೆಗೆ ನುಗ್ಗಿದ್ದು ಎಲ್ಲರೂ ಟೀವಿಯಲ್ಲಿ ನೋಡಿದ್ದೇ.

ಸಾಲಿನಲ್ಲಿ ಯಾರೂ ಎಂಜಿನ್ ಹಚ್ಚುವುದಿಲ್ಲ. ಮುಂದಿನ ಗಾಡಿ ಸರಿದರೆ ಇಳಿದು, ಕಂಬಕ್ಕೆ ಹೆಗಲು ಕೊಟ್ಟು ತಳ್ಳುತ್ತಾರೆ. ಬಿಸಿಲೇರಿದಂತೆ ಪ್ಲೇಂಟಿಯವನು ಬಂದ. ಪ್ಲೇನ್ ಟೀ, ಹಾಲಿಲ್ಲದ ಚಹ. ಹಾಲಿನ ಪುಡಿಯೂ ಆಮದಿನದೇ ಆದ್ದರಿಂದ ಆ ವರ್ಷ ಹಾಲು ಹಾಕಿದ ಚಹ ಹಬ್ಬದ ಅಡುಗೆಯಾಗಿತ್ತು. “ಅಯ್ಯಾ, ಇವತ್ತು ಸಿಗುತ್ತಾ?” ಎಂದು ಅವನೂ ಕೇಳುತ್ತಾನೆ. ಸಿಂಹಳದಲ್ಲಿ ಅಯ್ಯಾ ಎಂದರೆ ಅಣ್ಣ.

ಸಾಲಿನಲ್ಲಿ ನಡೆಯುತ್ತಿದ್ದ ಚರ್ಚೆ ಮಾತ್ರ ಪಕ್ಕಾ ಲೆಕ್ಕದ್ದು. ಬಜಾಜ್ ನಾಲ್ಕು ಸ್ಟ್ರೋಕಿನ ಗಾಡಿ ಪೇಟೆಯಲ್ಲಿ ಲೀಟರಿಗೆ 25 ಕಿ.ಮೀ. ಕೊಡುತ್ತದೆ ಅನ್ನಿ. 5 ಲೀಟರಿಗೆ 125 ಕಿ.ಮೀ. ಮನೆಯಿಂದ ಸ್ಟ್ಯಾಂಡಿಗೆ, ಇಳಿಸಿ ಖಾಲಿ ವಾಪಸು ಬರಲಿಕ್ಕೆ ಮೂರರಲ್ಲೊಂದು ಪಾಲು ಹೋದರೆ ಬಾಡಿಗೆಗೆ ಉಳಿಯುವುದು 80 ಚಿಲ್ಲರೆ. ಕಿಲೋಮೀಟರಿಗೆ 100 ರೂಪಾಯಿ ಎಂದಿಟ್ಟುಕೊಂಡರೆ ವಾರಕ್ಕೆ 8,000. ಪೆಟ್ರೋಲಿನ 2,250 ಕಳೆದರೆ 5,750. ಆಯಿಲ್, ಟೈರು, ಲೀಸಿಂಗಿನ ಕಂತು ಇನ್ನೂ ಕಳೆದಿಲ್ಲ. ಅದೇ 5 ಲೀಟರನ್ನು ಬಾಟಲಿಗಿಳಿಸಿ ಕಳ್ಳಸಂತೆಯಲ್ಲಿ ಲೀಟರಿಗೆ 2,000ದಂತೆ ಮಾರಿದರೆ ಕೈಯಲ್ಲಿ ನಿಲ್ಲುವುದು 7,750, ಗಾಡಿ ಸವೆಯುವುದೂ ಇಲ್ಲ. ಪ್ರಾಮಾಣಿಕವಾಗಿ ಬಾಡಿಗೆ ಓಡಿಸುವವನಿಗೆ ವಾರಕ್ಕೆ 2,000 ರೂಪಾಯಿ ದಂಡ ಬಿದ್ದ ಹಾಗೆ. ಕೊಳ್ಳುವವರು ಯಾರು? ಕಾರಿನ 20 ಲೀಟರ್ ಸಾಲದವರು, ಆಸ್ಪತ್ರೆಗೆ ಹೊರಟವರು, ಮದುವೆ ಇಟ್ಟುಕೊಂಡವರು.

ಬಾಡಿಗೆ ತ್ರೀವೀಲರುಗಳನ್ನು ಬೇರೆ ನೋಂದಾಯಿಸಿ ಹೆಚ್ಚು ಕೊಡಬೇಕೆಂಬ ಬುದ್ಧಿ ಸರಕಾರಕ್ಕೂ ಬಂತು, ಆದರೆ ನವೆಂಬರ್ ಹೊತ್ತಿಗೆ, ಪಶ್ಚಿಮ ಪ್ರಾಂತ್ಯದಿಂದ ಶುರುವಾಗಿ, 10 ಲೀಟರಿನ ಲೆಕ್ಕದಲ್ಲಿ. ಉಳಿದವರ 5 ಲೀಟರ್ 8 ಆದದ್ದು 2023ರ ಏಪ್ರಿಲ್‌ನಲ್ಲಿ. ಪಾಸನ್ನು ಕೈಬಿಟ್ಟದ್ದು ಅದೇ ವರ್ಷದ ಸೆಪ್ಟೆಂಬರ್ 1ರಂದು. ಮೀನುಗಾರರ ಪಾಡು ಇನ್ನೂ ಬೇರೆ. ಅವರ ಸಣ್ಣ ದೋಣಿಗಳನ್ನು ಓಡಿಸುವ ಸೀಮೆಎಣ್ಣೆ 2022ರ ಆಗಸ್ಟಿನಲ್ಲಿ ಒಂದೇ ರಾತ್ರಿ 87ರಿಂದ 340ಕ್ಕೆ ಹಾರಿತು.

ಶನಿವಾರದ ಆ ಸಾಲಿನಲ್ಲಿ ನಮ್ಮ ಸರದಿ ಮೂರೂವರೆಯ ಹೊತ್ತಿಗೆ ಬಂತು. ನಳಿಕೆ ಎತ್ತಿ ಇಳಿಸುವುದರೊಳಗೆ 5 ಲೀಟರ್ ಬಿದ್ದಾಯಿತು, ಉಳಿಕೆ ಸೊನ್ನೆ ಎಂದು ಎಸ್ಸೆಮ್ಮೆಸ್ಸೂ ಬಂತು. ನಮ್ಮ ಮುಂದಿನ ಗಾಡಿಯವನು ಗೇಟು ದಾಟುತ್ತಿದ್ದಂತೆ ಒಬ್ಬ ಹೆಂಗಸು ಕೈಚೀಲ ಹಿಡಿದು ಅಡ್ಡ ಬಂದಳು, ಕೊಟ್ಟಾವಕ್ಕೆ ಹೋಗಬೇಕು. ಸುಮಾರು ಹತ್ತು ಕಿಲೋಮೀಟರ್. ಅವನು ತಲೆಯಾಡಿಸಿದ. “ಹೋಗೋದೇನೋ ಹೋಗ್ತೀನಿ ಅಕ್ಕಾ, ಬರೋವಾಗ ಖಾಲಿ ಬರಬೇಕಲ್ಲ. ನೀವು ಮಾಹರಗಮ ತನಕ ಬನ್ನಿ, ಅಲ್ಲಿಂದ ಬಸ್ಸು ನೋಡಿಕೊಳ್ಳಿ.” ಅವಳು ಮಾತಾಡದೆ ಹತ್ತಿ ಕೂತಳು.